ಮಧ್ಯಾಹ್ನ ಮೂರರ ಎಲೆ

ಬೆಳಗಿನ ನಾಲ್ಕೂವರೆ. ಉತ್ತರದ ನಾಡಿನ ಜೂನ್ ತಿಂಗಳಾದ್ದರಿಂದ ಬೆಳಕಿಗೇನೂ ಕೊರತೆಯಿಲ್ಲ. ಬಿಸಿಲು ಬೇಕೆಂದರೆ ಮಾತ್ರ ಇನ್ನೂ ನಾಲ್ಕು ಗಂಟೆ ಕಾಯಬೇಕು. ಬೆಟ್ಟಗಳ ನಡುವೆ ಒಳನುಗ್ಗಿದ ಕಡಲ ಕವಲಾದ ಹಾರ್ಡಾಂಗರ್ ಫಿಯೋರ್ಡಿನ ಪೂರ್ವ ದಡದ ಇಳಿಜಾರಿನಲ್ಲಿ, ಸೇಬಿನ ಮರಗಳ ಹನ್ನೆರಡು ಸಾಲುಗಳ ನಡುವೆ, ರಾಗ್ನಾ ಶೇಯ ಒದ್ದೆ ಹುಲ್ಲಿನ ಮೇಲೆ ಹಳೆಯ ರಬ್ಬರ್ ಚಾಪೆ ಹಾಕಿಕೊಂಡು ಕೂತಿದ್ದಾರೆ. ಒಂದು ಎಲೆಯನ್ನು ಕೀಳದೆ, ಕೊಂಬೆಯನ್ನಷ್ಟೇ ಬಗ್ಗಿಸಿ, ಅದರ ಅಡಿಭಾಗವನ್ನು ಕೆನ್ನೆಗೆ ತಾಗಿಸಿಕೊಂಡಿದ್ದಾರೆ.

"ಇನ್ನೂ ಎದ್ದಿಲ್ಲ" ಎನ್ನುತ್ತಾರೆ, ಮಲಗಿದ ಮಗುವಿನ ವಿಷಯ ಹೇಳುವಷ್ಟೇ ಮೆಲ್ಲಗೆ. ಆಮೇಲೆ ಕೊಂಬೆಯನ್ನು ಬಿಟ್ಟು, ಎಲೆಯ ಮೇಲೆ ಎಷ್ಟು ಇಬ್ಬನಿ ಇದೆ ಎಂದು ನೋಡಿ ಪುಸ್ತಕದಲ್ಲಿ ಬರೆಯುತ್ತಾರೆ. ಇಬ್ಬನಿ ಎಷ್ಟು ಹೊತ್ತು ನಿಲ್ಲುತ್ತದೆ ಅನ್ನುವುದರ ಮೇಲೆ ಎಲೆಗೆ ಕಜ್ಜಿ ಹತ್ತುತ್ತದೋ ಇಲ್ಲವೋ ಎಂದು ಹೇಳಬಹುದು. ಅವರ ಪುಸ್ತಕ ನೋಡಿಯೇ ಸುತ್ತಲಿನ ತೋಟದವರಿಗೆ ಔಷಧಿ ಹೊಡೆಯಿರಿ, ಹೊಡೆಯಬೇಡಿ ಎಂಬ ಸಂದೇಶ ಹೋಗುತ್ತದೆ. ಸಂದೇಶದ ಕೆಳಗೆ ಕೇಂದ್ರದ ಹೆಸರಿರುತ್ತದೆ, ಅವರದಿರುವುದಿಲ್ಲ.

ರಾಗ್ನಾಗೆ ಈಗ ಅರವತ್ತಾರು. ಇಲ್ಲಿನ ಹಣ್ಣು ಸಂಶೋಧನಾ ಕೇಂದ್ರದಲ್ಲಿ ಅವರ ಕೆಲಸಕ್ಕೆ ಕಾಗದದ ಮೇಲೆ ಏನೇನೋ ದೊಡ್ಡ ಹೆಸರಿದೆ. ಊರಿನವರ ಬಾಯಲ್ಲಿ ಮಾತ್ರ ಅವರು ಕ್ಲಿಪ್ ರಾಗ್ನಾ. ಬಟ್ಟೆ ಒಣಹಾಕುವ ಕ್ಲಿಪ್ಪಿನಂಥ ಒಂದು ಉಪಕರಣವನ್ನು ಎಲೆಗೆ ಕಚ್ಚಿಸಿ, ಎಲೆ ಎಷ್ಟು ನೀರನ್ನು ಗಾಳಿಗೆ ಬಿಡುತ್ತಿದೆ ಎಂದು ಅಳೆದು ಬರೆಯುವುದು ಅವರ ಕೆಲಸ. ಸಾಲಿಗೆ ಇಪ್ಪತ್ತನಾಲ್ಕು ಎಲೆ, ಹನ್ನೆರಡು ಸಾಲು, ಒಂದು ಸುತ್ತಿಗೆ ಇನ್ನೂರ ಎಂಬತ್ತೆಂಟು ಎಲೆ. ವರ್ಷಕ್ಕೆ ಮಳೆಯಿಲ್ಲದ ಐವತ್ತು ದಿನ ಸಿಕ್ಕರೆ ಪುಣ್ಯ. ಹೀಗೆ ಮೂವತ್ತೆಂಟು ಬೇಸಿಗೆ. ಎಲ್ಲ ಗುಣಿಸಿ ಐದು ಲಕ್ಷ ದಾಟಿತಲ್ಲ ಎಂದರೆ ಅವರು ಭುಜ ಕುಣಿಸಿ, ಅಷ್ಟೂ ಎಲೆ ಆಯಾ ವರ್ಷವೇ ಉದುರಿ ಗೊಬ್ಬರವಾಗಿವೆ ಬಿಡಿ ಎನ್ನುತ್ತಾರೆ.

ಈ ಅಳತೆಗಳನ್ನು ನಂಬಿ ನಲವತ್ತೊಂದು ವರದಿಗಳು ಅಚ್ಚಾಗಿವೆ. ಎರಡರಲ್ಲಿ ಮಾತ್ರ ಕೊನೆಯ ಪುಟದ ಕೃತಜ್ಞತೆಯಲ್ಲಿ ರಾಗ್ನಾರ ಹೆಸರಿದೆ. ಅವುಗಳಲ್ಲೊಂದರಲ್ಲಿ ಮನೆತನದ ಹೆಸರು ತಪ್ಪು. ಅದಕ್ಕೆ ಅವರಿಗೇನೂ ಬೇಸರವಿಲ್ಲವಂತೆ. ಬೇಸರವಿರುವುದು ಬೇರೆ ಒಂದು ವರದಿಯ ಬಗ್ಗೆ, ಅದರಲ್ಲಿ ಅವರ ಹೆಸರೇ ಇಲ್ಲ.

ಸೆಪ್ಟೆಂಬರಿಗೆ ನಿವೃತ್ತಿ. ಅಷ್ಟರೊಳಗೆ ಅವರಿಗೆ ಒಂದು ಕೆಲಸ ಆಗಬೇಕು. ಹಳೆಯ ಮರಗಳನ್ನು ತೆಗೆದು ಈ ಇಳಿಜಾರಿನಲ್ಲಿ ಹೊಸ ಪ್ರಯೋಗ ಶುರುವಾಗಲಿದೆ. ಒಣ ಬೇಸಿಗೆಗಳನ್ನು ತಡೆಯುವ ಸೇಬು ಯಾವುದೆಂದು ನೋಡುವ ಪ್ರಯೋಗ. ಹನ್ನೆರಡು ತಳಿಗಳಲ್ಲಿ ಹನ್ನೊಂದು ಗೊತ್ತಾಗಿವೆ. ಹನ್ನೆರಡನೆಯದಾಗಿ, ಹೆಸರಿಡದೆ ನಂಬರಿನಿಂದಷ್ಟೇ ಕರೆಯುವ ಹದಿನೇಳನೇ ನಂಬರಿನ ಸೇಬನ್ನು ಸೇರಿಸಬೇಕು ಎಂಬುದು ರಾಗ್ನಾರ ಆಸೆ. ಆ ಸೇಬು ಒಣಹವೆಗೆ ಬಾಳುವುದಿಲ್ಲ ಎಂದು ಮೂವತ್ತೊಂದು ವರ್ಷದ ಕೆಳಗೆ ತೀರ್ಪಾಗಿ, ಮರಗಳನ್ನು ಕಿತ್ತು ಹಾಕಲಾಗಿತ್ತು. ತೀರ್ಪು ನಿಂತಿದ್ದು ರಾಗ್ನಾರ ಅಳತೆಗಳ ಮೇಲೆ. ಅದು ತಪ್ಪು ಎಂದು ಅವರಿಗೆ ಗೊತ್ತು.

ಎಂಟೂಕಾಲಿಗೆ ಫಿಯೋರ್ಡಿನ ಆಚೆ ದಡದಿಂದ ಬಿಸಿಲು ನೀರಿನ ಮೇಲೆ ನಡೆದು ಈಚೆ ದಡಕ್ಕೆ ಬರುತ್ತದೆ. ಬೆನ್ನ ಹಿಂದೆ ಬೆಟ್ಟವಿರುವುದರಿಂದ ಇಲ್ಲಿ ಬಿಸಿಲು ಮೇಲಿನಿಂದ ಇಳಿಯುವುದಿಲ್ಲ, ನೀರಿನ ಕಡೆಯಿಂದ ಮೇಲೆ ಹತ್ತುತ್ತದೆ. ದಡದಲ್ಲಿ ದೋಣಿ ಇಡುವ ದೋಣಿಮನೆಯ ಪಕ್ಕದ ಹನ್ನೆರಡನೇ ಸಾಲಿಗೆ ಮೊದಲು ಬಿಸಿಲು. ಮೇಲೆ ಕೇಂದ್ರದ ಕಟ್ಟಡದ ಪಕ್ಕದ ಒಂದನೇ ಸಾಲಿಗೆ ಅದು ತಲುಪುವಾಗ ಒಂಬತ್ತೂವರೆ ಆಗಿರುತ್ತದೆ. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ರಾಗ್ನಾರ ಕಥೆಯೆಲ್ಲ ಅದರ ಮೇಲೆ ನಿಂತಿದೆ.

ಬಿಸಿಲು ಬಿದ್ದ ಮೇಲೆ ಅವರು ಮತ್ತೆ ಎಲೆಗೆ ಕೆನ್ನೆ ಕೊಡುತ್ತಾರೆ. ಈಗ ಎಲೆ ತಣ್ಣಗಿದೆ. ಬಿಸಿಲಲ್ಲಿದ್ದೂ ತಣ್ಣಗಿದ್ದರೆ ಎಲೆ ಎದ್ದಿದೆ, ನೀರು ಬಿಡುತ್ತಿದೆ ಎಂದರ್ಥ. ಶಾಲೆಯ ಪುಸ್ತಕದಲ್ಲಿ ಪತ್ರರಂಧ್ರ ಎಂದಿರುವುದನ್ನು ಅವರು ಬಾಯಿ ಎಂದೇ ಕರೆಯುತ್ತಾರೆ.

"ಸೇಬಿನೆಲೆಗೆ ಬಾಯಿಗಳೆಲ್ಲ ಕೆಳಗಡೇನೇ ಇರೋದು, ಮೇಲೆ ಒಂದೂ ಇಲ್ಲ. ಬೆಳಕು ಬಿತ್ತಾ, ತೆರೀತವೆ. ಗಾಳಿ ಒಣಗಿತಾ, ಮುಚ್ಕೋತವೆ. ತೆರೆದ್ರೆ ಊಟ ಸಿಗುತ್ತೆ, ಆದ್ರೆ ನೀರು ಹೋಗುತ್ತೆ. ಮುಚ್ಚಿದ್ರೆ ನೀರು ಉಳಿಯುತ್ತೆ, ಊಟ ಇಲ್ಲ. ಪಾಪ, ದಿನಾ ಇದೇ ಚೌಕಾಸಿ ಅದಕ್ಕೆ."

ಸೆಕೆಯೂ ಹೆಚ್ಚಿರಬಾರದು, ಚಳಿಯೂ ಇರಬಾರದು. ಇಪ್ಪತ್ತು ಇಪ್ಪತ್ತೆರಡು ಡಿಗ್ರಿ, ಗಾಳಿಯಲ್ಲಿ ಒಂದಿಷ್ಟು ಪಸೆ, ಹದವಾದ ಬಿಸಿಲು ಇದ್ದರೆ ಬೆಳಗಿನ ಹತ್ತು ಹನ್ನೊಂದರ ಹೊತ್ತಿಗೆ ಎಲೆ ಹಬ್ಬ ಮಾಡುತ್ತದೆ. ಮಧ್ಯಾಹ್ನ ತಿರುಗಿ, ಬೆಟ್ಟದ ಕಲ್ಲು ಕಾದು, ಒಣಗಾಳಿ ಎದ್ದರೆ ಮೂರು ಗಂಟೆಗೆಲ್ಲ ಬಾಯಿ ಮುಚ್ಚಿ ಕೂರುತ್ತದೆ. ಅಂಚನ್ನು ಮೇಲಕ್ಕೆ ಮಡಚಿ ದೊನ್ನೆಯ ಹಾಗಾಗುತ್ತದೆ. ಆಗ ಕೆನ್ನೆಗೆ ತಾಗಿಸಿದರೆ ಬೆಚ್ಚಗಿರುತ್ತದೆ. ಕೊಂಬೆಯ ಒಳಗೆ ನೆರಳಲ್ಲಿ ಬೆಳೆದ ಎಲೆ ತೆಳುವಾಗಿ ಅಗಲವಾಗಿರುತ್ತದೆ, ಸ್ವಲ್ಪ ಬಿಸಿಲು ಕಂಡರೂ ಗಾಬರಿಬೀಳುತ್ತದೆ. ಹೊರಗಿನದು ದಪ್ಪಚರ್ಮದ್ದು. ಬಿಸಿಲೆಲೆಗೆ ಕೆಂಪು ಉಣ್ಣೆಯ ದಾರ, ನೆರಳೆಲೆಗೆ ನೀಲಿ ದಾರ ಕಟ್ಟಿ ರಾಗ್ನಾ ಗುರುತು ಮಾಡಿಟ್ಟಿದ್ದಾರೆ. ಮೋಡ ಬಂದು ಹೋದರೆ ಕಾಲು ಗಂಟೆ ಸುಮ್ಮನೆ ಕೂರುತ್ತಾರೆ, ಎಲೆ ಸುಧಾರಿಸಿಕೊಳ್ಳಲಿ ಎಂದು.

ಈ ಕೆಲಸ ಮೈಗೆ ಅಂಟಿದೆ. ಅಳೆಯುವಾಗ ಎಲೆಯ ಮೇಲೆ ಉಸಿರು ಬೀಳಬಾರದು, ಮನುಷ್ಯರ ಉಸಿರಿನ ಪಸೆಗೆ ಲೆಕ್ಕ ಏರುಪೇರಾಗುತ್ತದೆ. ಹಾಗಾಗಿ ಅವರು ಉಸಿರು ಬಿಡುವಾಗಲೆಲ್ಲ ಮುಖವನ್ನು ಎಡಕ್ಕೆ ತಿರುಗಿಸುತ್ತಾರೆ. ಅಂಗಡಿಯಲ್ಲಿ, ಚರ್ಚಿನಲ್ಲಿ, ಎದುರು ಕೂತು ಕಾಫಿ ಕುಡಿಯುವಾಗಲೂ ಅದೇ. ಗೊತ್ತಿಲ್ಲದವರು ಈ ಹೆಂಗಸಿಗೆ ಎಷ್ಟು ಸೊಕ್ಕು ಅಂದುಕೊಳ್ಳುತ್ತಾರೆ. ಎಲ್ಲೇ ಕೂತರೂ ತಮ್ಮ ನೆರಳು ಯಾರ ಮೇಲೂ ಬೀಳದ ಹಾಗೆ ಕೂರುತ್ತಾರೆ. ಇಳಿಜಾರಿನಲ್ಲಿ ಹತ್ತಿಳಿದು ಎರಡೂ ಮಂಡಿ ಸವೆದಿವೆ. ಊಟಕ್ಕೆ ಕಂದುಬಣ್ಣದ ಚೀಸ್ ಹಚ್ಚಿದ ನಾಲ್ಕು ತುಂಡು ಬ್ರೆಡ್ಡು, ಫ್ಲಾಸ್ಕಿನ ಕಾಫಿ. ಊಟದ ಹೊತ್ತು ಅವರು ಗೊತ್ತುಮಾಡಿದ್ದಲ್ಲ, ಮೋಡ ಬಂದಾಗ.

ಇನ್ನು ಆ ತಪ್ಪಿನ ವಿಷಯ.

ಆಗಿನ ಉಪಕರಣ ಕೈಯಲ್ಲಿ ಹಿಡಿಯುವಂಥದ್ದಲ್ಲ. ಬ್ಯಾಟರಿ ಸೇರಿ ಒಂಬತ್ತು ಕಿಲೋ ತೂಗುವ ಪೆಟ್ಟಿಗೆ, ಹೆಗಲಿಗೆ ಪಟ್ಟಿ ಹಾಕಿ ಹೊರಬೇಕು. ಪೆಟ್ಟಿಗೆ ಇರುತ್ತಿದ್ದುದು ಮೇಲೆ, ಕೇಂದ್ರದ ಕಟ್ಟಡದಲ್ಲಿ. ಹೊತ್ತುಕೊಂಡು ಹತ್ತುವುದಕ್ಕಿಂತ ಇಳಿಯುವುದು ಹಗುರ ಎಂದು ರಾಗ್ನಾ ದಿನಾ ಒಂದನೇ ಸಾಲಿನಿಂದ ಶುರು ಮಾಡಿ ಕೆಳಗೆ ಬರುತ್ತಿದ್ದರು. ಹನ್ನೆರಡನೇ ಸಾಲು ಮುಗಿಸಿ, ದೋಣಿಮನೆಯ ಮೆಟ್ಟಿಲ ಮೇಲೆ ಕಾಲು ಚಾಚಿ, ಕೆಳರಸ್ತೆಯ ಬಸ್ಸು ಹಿಡಿದು ಪೆಟ್ಟಿಗೆಯೊಂದಿಗೆ ಮೇಲೆ ಹೋಗುತ್ತಿದ್ದರು. ಒಂದು ಸುತ್ತಿಗೆ ಐದು ಗಂಟೆ. ಹತ್ತಕ್ಕೆ ಮೇಲೆ, ಮೂರಕ್ಕೆ ಕೆಳಗೆ.

ಮೂರು ಬೇಸಿಗೆ ಹೀಗೇ ಕಳೆಯಿತು. ಹತ್ತು ಗಂಟೆಗೆ ಒಂದನೇ ಸಾಲಿನ ಎಲೆಗಳು ಆಗಷ್ಟೇ ಬಿಸಿಲು ಕಂಡು, ಬಾಯಿ ತೆರೆದು ಹಬ್ಬ ಮಾಡುತ್ತಿದ್ದವು. ಕೆಳಗಿನ ಸಾಲಿನವು ಎಂಟೂಕಾಲಿಗೇ ಎದ್ದು, ಹೊಟ್ಟೆ ತುಂಬಿಸಿಕೊಂಡು, ಮೂರರ ಒಣಗಾಳಿಗೆ ಬಾಯಿ ಮುಚ್ಚಿದ ಮೇಲೆ ರಾಗ್ನಾರ ಕ್ಲಿಪ್ಪಿಗೆ ಸಿಗುತ್ತಿದ್ದವು. ಆ ಕೆಳಗಿನ ಸಾಲೇ ಹದಿನೇಳನೇ ನಂಬರು. ವರದಿಯ ಕೋಷ್ಟಕದಲ್ಲಿ ಅದು ಹನ್ನೆರಡರಲ್ಲಿ ಹನ್ನೆರಡನೆಯದಾಗಿ ಬಂತು. ಸ್ವಲ್ಪ ಒಣಗಿದರೂ ಬಾಯಿ ಮುಚ್ಚುವ ಬಾಯಾರಿಕೆಯ ತಳಿ, ಒಣಹವೆಗೆ ಆಗದು ಎಂದು ಷರಾ ಬಿತ್ತು. ಏಪ್ರಿಲಿನಲ್ಲಿ ಆ ಸಾಲನ್ನು ಕಿತ್ತರು.

ಅದೇ ವರ್ಷ ಜುಲೈಯಲ್ಲಿ ಪೆಟ್ಟಿಗೆ ಕೆಟ್ಟು ಬೆರ್ಗೆನ್ ಪಟ್ಟಣಕ್ಕೆ ರಿಪೇರಿಗೆ ಹೋಯಿತು. ವಾಪಸ್ ಬಂದಿದ್ದು ದೋಣಿಯಲ್ಲಿ. ದೋಣಿಯವನು ಅದನ್ನು ದೋಣಿಮನೆಯ ಬಾಗಿಲಲ್ಲಿ ಇಟ್ಟು ಹೋದ. ಮೇಲೆ ಹೊತ್ತುಕೊಂಡು ಹೋಗಿ ಮತ್ತೆ ಇಳಿಯುವುದೇಕೆ ಎಂದು ರಾಗ್ನಾ ಅವತ್ತು ಕೆಳಗಿನ ಸಾಲಿನಿಂದ ಶುರು ಮಾಡಿದರು. ಸಾಲಿಗೊಮ್ಮೆ ನಿಂತು ದಣಿವಾರಿಸಿಕೊಳ್ಳುತ್ತ ಮೇಲೆ ಬಂದರು. ಮೂರು ಗಂಟೆಗೆ ಒಂದನೇ ಸಾಲು. ಮೂರು ವರ್ಷ ಕೋಷ್ಟಕದ ತಲೆಯಲ್ಲಿದ್ದ, ಎಂಥ ಒಣಹವೆಗೂ ಜಗ್ಗದ ತಳಿ ಎಂದು ಹೊಗಳಿಸಿಕೊಂಡ ಮರಗಳು. ಎಲೆಗೆ ಕೆನ್ನೆ ಕೊಟ್ಟರು. ಬೆಚ್ಚಗಿತ್ತು.

"ಇನ್ನೊಂದು ಎಲೆ ನೋಡಿದೆ, ಇನ್ನೊಂದು ನೋಡಿದೆ. ಎಲ್ಲಾ ಬೆಚ್ಚಗೆ. ಕ್ಲಿಪ್ ಹಾಕೋದೇ ಬೇಕಿರ್ಲಿಲ್ಲ. ಅಲ್ಲೇ ಹುಲ್ಲಿನ ಮೇಲೆ ಕೂತ್ಬಿಟ್ಟೆ. ನಾನು ಮರ ಅಳೆದಿರ್ಲಿಲ್ಲ, ಗಡಿಯಾರ ಅಳೆದಿದ್ದೆ ಮೂರು ವರ್ಷ" ಎನ್ನುತ್ತಾರೆ ರಾಗ್ನಾ.

ಆಗಿನ ಮುಖ್ಯಸ್ಥರು ಹಾಲ್ವಾರ್ ಮೂ. ರಾಗ್ನಾ ಪುಸ್ತಕಗಳನ್ನೆಲ್ಲ ಹೊತ್ತು ತಂದು ಅವರ ಮೇಜಿನ ಮೇಲಿಟ್ಟರು. ಹಾಲ್ವಾರ್ ಕೆಟ್ಟ ಮನುಷ್ಯರಲ್ಲ. ಒಂದು ಮಧ್ಯಾಹ್ನವಿಡೀ ಪುಟ ತಿರುವಿ, ಇದನ್ನು ನಾನು ನೋಡಬೇಕಿತ್ತು, ತಪ್ಪು ನನ್ನದು ಎಂದರು. ಇನ್ನು ಮುಂದೆ ಒಂದು ದಿನ ಮೇಲಿನಿಂದ ಕೆಳಗೆ, ಮರುದಿನ ಕೆಳಗಿನಿಂದ ಮೇಲೆ ಅಳೆಯಬೇಕು ಎಂದು ನಿಯಮ ಮಾಡಿದರು. ಆದರೆ ವರದಿ ಅಚ್ಚಾಗಿ ಹಂಚಿಯಾಗಿತ್ತು, ಮರಗಳು ಸೌದೆಯಾಗಿದ್ದವು. ಇಲ್ಲದ ಮರಕ್ಕಾಗಿ ಯಾಕೆ ಊರೆಲ್ಲ ಡಂಗುರ ಎಂದು ಅವರು ಕೇಳಿದಾಗ ರಾಗ್ನಾ ಸುಮ್ಮನಾದರು. ಆ ಸುಮ್ಮನಾದದ್ದೇ ನಿಜವಾದ ತಪ್ಪು ಎಂದು ಈಗ ಅನ್ನಿಸುತ್ತದಂತೆ. ಹಾಲ್ವಾರ್ ತೀರಿಕೊಂಡು ಹನ್ನೆರಡು ವರ್ಷವಾಯಿತು. ಕೋಷ್ಟಕ ಮಾತ್ರ ಇವತ್ತಿಗೂ ಒಬ್ಬರಿಂದ ಒಬ್ಬರಿಗೆ ದಾಟುತ್ತಿದೆ.

ಮರ ಇಲ್ಲವೇ ಇಲ್ಲ ಎಂದು ತಿಳಿದವರ ನಡುವೆ ಅದು ಇದೆ ಎಂದು ಗೊತ್ತಿದ್ದವರು ಒಬ್ಬರೇ, ದೋಣಿಮನೆಯ ಬೇಲಿಯಾಚೆಯ ಓಡ್ಮುನ್. ಎಂಬತ್ತೊಂದರ ಈ ಮುದುಕನಿಗೆ ಕೇಂದ್ರದವರನ್ನು ಕಂಡರೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಅವತ್ತು ಸಾಲು ಕಿತ್ತಾಗ ಬೇಲಿ ಹಾರಿ ಬಂದು ನಾಲ್ಕು ಕಡ್ಡಿ ಕತ್ತರಿಸಿಕೊಂಡು ಹೋಗಿ ಕಸಿ ಕಟ್ಟಿದರು. ಒಂದು ಹತ್ತಿತು. ರಾಗ್ನಾ ಅದನ್ನು ಕಂಡದ್ದು ಐದು ವರ್ಷ ಕಳೆದ ಮೇಲೆ, ಅದು ಮೊದಲ ಕಾಯಿ ಬಿಟ್ಟಾಗ. ಓಡ್ಮುನ್ ಅದಕ್ಕೆ ಇಟ್ಟ ಹೆಸರು ಬಾಯಾರಿದವಳು.

"ಏನಮ್ಮ ರಾಗ್ನಾ, ನಿನ್ನ ಬಾಯಾರಿದವಳಿಗೆ ನಾನು ಒಂದು ಚೊಂಬು ನೀರೂ ಹಾಕಿಲ್ಲ. ಆದ್ರೂ ಸಾಯ್ತಾನೇ ಇಲ್ವಲ್ಲ" ಎಂದು ಅವರು ಪ್ರತಿ ಅಕ್ಟೋಬರಿನಲ್ಲೂ ಒಂದು ಬುಟ್ಟಿ ಹಣ್ಣು ಕೊಟ್ಟು ಕಾಲೆಳೆಯುತ್ತಾರೆ.

"ನಿನ್ನ ಕಾಟಕ್ಕೇ ಬದುಕಿದೆ ಅದು" ಎಂದು ರಾಗ್ನಾ ಬುಟ್ಟಿ ತೆಗೆದುಕೊಳ್ಳುತ್ತಾರೆ. ಮನೆಗೆ ಬಂದ ಮೇಲೆ ಆ ಹಣ್ಣನ್ನು ಬಾಯಿಗೂ ಇಡುವುದಿಲ್ಲ. ಎಷ್ಟೋ ವರ್ಷ ಅದನ್ನು ಜ್ಯೂಸು ಮಾಡಿ ಚರ್ಚಿನ ಕಾರ್ಯಕ್ರಮಗಳಿಗೆ ಕೊಟ್ಟುಬಿಟ್ಟಿದ್ದಾರೆ.

ಕಳೆದ ಎರಡು ಬೇಸಿಗೆಯ ಭಾನುವಾರಗಳಲ್ಲಿ ಅವರು ಓಡ್ಮುನ್ ತೋಟದಲ್ಲಿ ಕ್ಲಿಪ್ ಹಿಡಿದು ಕೂತಿದ್ದಾರೆ. ಬಾಯಾರಿದವಳ ಪಕ್ಕದಲ್ಲೇ ಬೇರೆ ತಳಿಯ ಸೇಬು, ಒಂದು ಗ್ರಾವೆನ್‌ಸ್ಟೈನ್ ಮರವಿದೆ. ಇದರದ್ದೊಂದು ಎಲೆ, ಅದರದ್ದೊಂದು ಎಲೆ, ಬೆಳಗ್ಗೆಯಿಂದ ಸಂಜೆವರೆಗೆ. ಇಪ್ಪತ್ತೊಂದು ಭಾನುವಾರಗಳ ಲೆಕ್ಕ ಒಂದು ನೀಲಿ ಪುಸ್ತಕದಲ್ಲಿದೆ. ಹದಿನೇಳನೇ ನಂಬರು ಚಿನ್ನದಂಥ ತಳಿ ಎಂದು ಅದರಲ್ಲಿ ಹೊರಬಿದ್ದಿದೆಯೇ ಎಂದು ಕೇಳಿದರೆ ರಾಗ್ನಾ ಮುಖ ಎಡಕ್ಕೆ ತಿರುಗಿಸಿ ಉಸಿರು ಬಿಡುತ್ತಾರೆ.

"ಇಲ್ಲಪ್ಪ. ಪಕ್ಕದ ಮರ ಮುಚ್ಚಿದಾಗ ಇದೂ ಮುಚ್ಚುತ್ತೆ, ಅದು ತೆರೆದಾಗ ಇದೂ ತೆರೆಯುತ್ತೆ. ಒಂದೇ ಮರ ನೋಡಿ ಅದಕ್ಕಿಂತ ಜಾಸ್ತಿ ಹೇಳೋಕಾಗಲ್ಲ. ಒಳ್ಳೇದೋ ಕೆಟ್ಟದ್ದೋ ನಂಗೊತ್ತಿಲ್ಲ. ಅದನ್ನ ಯಾರೂ ಸರಿಯಾಗಿ ಕೇಳೇ ಇಲ್ಲ ಅನ್ನೋದು ಗೊತ್ತು."

ಹಾಗೆ ಕೇಳಬೇಕಾದರೆ ಹನ್ನೆರಡನೇ ಜಾಗ ಬೇಕು. ಜಾಗ ಬೇಕಾದರೆ ಹಳೆಯ ಕೋಷ್ಟಕ ಸುಳ್ಳೆಂದು ಹೇಳಬೇಕು. ಈಗಿನ ಮುಖ್ಯಸ್ಥೆ ಮಾರೆನ್, ವಯಸ್ಸು ಮೂವತ್ತನಾಲ್ಕು. ರಾಗ್ನಾರೇ ಅವಳಿಗೆ ಕ್ಲಿಪ್ ಹಿಡಿಯುವುದನ್ನು ಕಲಿಸಿದ್ದು. ಪಟ್ಟಿ ಮುಗಿಸುವ ಶುಕ್ರವಾರಕ್ಕೆ ಎರಡು ದಿನ ಮೊದಲು ರಾಗ್ನಾ ಮೂರು ಹಳೆಯ ಪುಸ್ತಕ, ಒಂದು ನೀಲಿ ಪುಸ್ತಕ ಹಿಡಿದು ಅವಳ ಕೋಣೆಗೆ ಹೋದರು.

ಮಾರೆನ್ ಎಲ್ಲ ಕೇಳಿಸಿಕೊಂಡಳು. ಅಳತೆಯ ಪಕ್ಕದಲ್ಲಿ ಬರೆದ ಗಂಟೆಗಳ ಮೇಲೆ ಬೆರಳಾಡಿಸಿದಳು. ಹತ್ತು, ಹತ್ತೂಕಾಲು, ಹನ್ನೊಂದು, ಹೀಗೆ ಇಳಿಯುತ್ತ ಮೂರು. ಮೂರು ವರ್ಷವೂ ಅದೇ. ಅವಳು ಪುಸ್ತಕ ಮುಚ್ಚಿದಳು.

"ಈ ಕೋಷ್ಟಕ ನನ್ನ ಪಿಎಚ್‌ಡಿಯಲ್ಲೂ ಇದೆ ರಾಗ್ನಾ. ಒಂದು ಅಧ್ಯಾಯ ಪೂರ್ತಿ ಇದರ ಮೇಲೇ ನಿಂತಿದೆ. ನೀವು ಅದನ್ನ ಓದಿದ್ರಿ, ಅಲ್ವಾ?"

"ಓದಿದ್ದೆ."

"ಓದಿ ಸುಮ್ನಿದ್ರಿ."

"ಹೌದು, ಸುಮ್ನಿದ್ದೆ. ನಿನಗೆ ಮುಖ ತೋರ್ಸೋಕೆ ಧೈರ್ಯ ಇರ್ಲಿಲ್ಲ."

ಮಾರೆನ್ ಪುಸ್ತಕಗಳನ್ನು ಇಟ್ಟುಕೊಂಡು, ನಾಳೆ ನೋಡೋಣ ಎಂದಳು. ಮರುದಿನ ತೋಟದಲ್ಲಿ ಎದುರಾದರೂ ಬೇರೆ ಸಾಲಿಗೆ ತಿರುಗಿದಳು. ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ ಅವತ್ತು ರಾಗ್ನಾ ಎಣಿಕೆ ತಪ್ಪಿದರು, ಒಂದೇ ಎಲೆಯನ್ನು ಎರಡು ಸಲ ಅಳೆದರು. ಕಲಿಸಿದ ಹುಡುಗಿ ಮುಖ ತಿರುಗಿಸಿದ್ದು ಅವರಿಗೆ ಮರದ ಚಿಂತೆಗಿಂತ ಹೆಚ್ಚು ನೋವು ಕೊಟ್ಟಿತು. ಮೂರು ಗಂಟೆಗೆ ಮಾರೆನ್ ಒಬ್ಬಳೇ ಪೆನ್ನು ಪುಸ್ತಕ ಹಿಡಿದು ಓಡ್ಮುನ್ ತೋಟದ ಕಡೆ ಇಳಿದು ಹೋಗುವುದನ್ನು ಅವರು ಮೇಲಿನಿಂದ ನೋಡಿದರು. ಅವಳು ಬಾಯಾರಿದವಳ ಎಲೆಗೆ ಕೆನ್ನೆ ಕೊಟ್ಟಳು, ಆಮೇಲೆ ಪಕ್ಕದ ಗ್ರಾವೆನ್‌ಸ್ಟೈನ್ ಎಲೆಗೆ. ಪುಸ್ತಕ ಬಿಚ್ಚಿ ಎರಡನ್ನೂ ಬರೆದುಕೊಂಡಳು.

ಶುಕ್ರವಾರ ಸಭೆಯಲ್ಲಿ ಮಾರೆನ್ ಎರಡೇ ಮಾತು ಹೇಳಿದಳು. ಹಳೆಯ ಕೋಷ್ಟಕವನ್ನು ಕೇಂದ್ರ ಹಿಂತೆಗೆದುಕೊಳ್ಳುತ್ತದೆ, ನನ್ನ ಅಧ್ಯಾಯವನ್ನು ನಾನು ತಿದ್ದಿಕೊಳ್ಳುತ್ತೇನೆ. ಹನ್ನೆರಡನೇ ತಳಿ ಹದಿನೇಳನೇ ನಂಬರು. ಸಭೆ ಮುಗಿದ ಮೇಲೆ ರಾಗ್ನಾರ ಹತ್ತಿರ ಬಂದು, ಒಂದು ಮಾತು ಮೊದಲೇ ಹೇಳಬಹುದಿತ್ತು ಎಂದು ಗೊಣಗಿ, ಫ್ಲಾಸ್ಕಿನಿಂದ ತಾನೇ ಕಾಫಿ ಬಗ್ಗಿಸಿಕೊಂಡಳು. ಕೋಪ ಇನ್ನೂ ಪೂರ್ತಿ ಇಳಿದಿಲ್ಲ, ಇಳಿಯಬೇಕಾಗಿಯೂ ಇಲ್ಲ ಎನ್ನುತ್ತಾರೆ ರಾಗ್ನಾ.

ಹಣ್ಣು ಬೆಳೆಯುವವರು ಕೇಂದ್ರದ ವರದಿ ಓದುವುದಿಲ್ಲ, ಶನಿವಾರದ ಪುರವಣಿ ಓದುತ್ತಾರೆ. ಈ ಪುರವಣಿಯವರು ಹೋದ ವರ್ಷ ಎರಡು ಸಲ ಫೋನು ಮಾಡಿದಾಗ, ನನ್ನ ಬಗ್ಗೆ ಬರೆಯೋಕೆ ಏನಿದೆ ಎಂದು ರಾಗ್ನಾ ತಳ್ಳಿಹಾಕಿದ್ದರು. ಈ ಸಲ ರಾಗ್ನಾ ತಾವೇ ಫೋನು ಮಾಡಿ ಕರೆದರು, ಒಂದು ಷರತ್ತಿನ ಮೇಲೆ. ಹೊಗಳಿಕೆ ಎಷ್ಟಾದರೂ ಕತ್ತರಿಸಿ, ತಪ್ಪಿನ ವಿಷಯ ಮಾತ್ರ ಒಂದಕ್ಷರವೂ ಬಿಡಬಾರದು. ಈಗ ನೀವು ಓದಿದ್ದು ಆ ಷರತ್ತಿನಂತೆ ಬರೆದದ್ದು.

ಯಾವ ತಳಿಗೆ ಯಾವ ಸಾಲು ಎನ್ನುವುದನ್ನು ಚೀಟಿ ಎತ್ತಿ ನಿರ್ಧರಿಸುವುದು ಇಲ್ಲಿನ ಪದ್ಧತಿ. ಸೋಮವಾರ ಬೆಳಗ್ಗೆ, ಇಬ್ಬನಿ ಆರುವ ಮೊದಲು, ರಾಗ್ನಾರ ಉಣ್ಣೆಯ ಟೋಪಿಯಲ್ಲೇ ಹನ್ನೆರಡು ಚೀಟಿ ಹಾಕಿ ಮಾರೆನ್ ಒಂದೊಂದೇ ಎತ್ತುತ್ತಾಳೆ. ಬೇಲಿಯ ಮೇಲೆ ಮೊಣಕೈ ಊರಿ ಓಡ್ಮುನ್ ನೋಡುತ್ತಿದ್ದಾರೆ. ಹದಿನೇಳನೇ ನಂಬರಿಗೆ ಬಂದ ಚೀಟಿ ಬಿಚ್ಚಿ ಮಾರೆನ್ ರಾಗ್ನಾರ ಕೈಗೆ ಕೊಡುತ್ತಾಳೆ. ಹನ್ನೆರಡನೇ ಸಾಲು. ದೋಣಿಮನೆಯ ಪಕ್ಕದ್ದು, ಕಟ್ಟಕಡೆಯದು.

ಬೇಕಿದ್ದರೆ ಇನ್ನೊಮ್ಮೆ ಎತ್ತೋಣ ಎಂದು ಮಾರೆನ್ ಕೇಳುತ್ತಾಳೆ. ರಾಗ್ನಾ ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಳ್ಳುತ್ತಾರೆ. ಮುಖ ತಿರುಗಿಸುವುದಿಲ್ಲ, ನೇರ ಅವಳನ್ನೇ ನೋಡುತ್ತಾರೆ.

"ಬೇಡ, ಅಲ್ಲೇ ಇರ್ಲಿ. ಆಗಸ್ಟಲ್ಲಿ ಓಡ್ಮುನ್ ಮರದ ಚಿಗುರುಕಣ್ಣು ತೆಗೆದು ಕಸಿ ಕಟ್ಟಿದ್ರೆ ಗಿಡ ಆಗಿ, ಅಳೆಯೋಕೆ ಬರೋವಾಗ ನಾಲ್ಕು ವರ್ಷ ಆಗುತ್ತೆ. ನಂಗೆ ಆಗ ಎಪ್ಪತ್ತು. ಮೊದಲ್ನೇ ದಿನ ಮಾತ್ರ ನನ್ನ ಕರಿ. ಸಂಬಳ ಬೇಡ, ಕ್ಲಿಪ್ ಹಿಡಿಯೋದೂ ಬೇಡ, ಕೆನ್ನೆ ಸಾಕು. ಕೆಳಗಡೆಯಿಂದ ಶುರು ಮಾಡೋಣ."